ಪರದೇಶದ ರಜಾದಿನಕ್ಕೊಂದು ಪುಟ್ಟ ವಿಮಾನ

ನಮ್ಮ ಕರಾವಳಿ ಜಿಲ್ಲೆಗಳಲ್ಲಿ ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಒಬ್ಬರಾದರೂ ಇರುವ ಮನೆಗಳು ಎಷ್ಟೋ ಇವೆ. ದುಬೈ, ಕುವೈತ್, ಮಸ್ಕತ್, ದೋಹಾಗಳಿಂದ ಫೋನ್ ಬಂದಾಗ ನಾವು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ತೆರನಾದವು. ಊಟ ಆಯಿತೇ? ಸಂಬಳ ಬಂತೇ? ಊರಿಗೆ ಯಾವಾಗ? ‘ಕಳೆದ ರಜೆಯ ದಿನ ಏನು ಮಾಡಿದೆ?’ ಎಂದು ಕೇಳುವವರು ಅಪರೂಪ. ಆರೋಗ್ಯದ ದೃಷ್ಟಿಯಿಂದ ಕೇಳಲೇಬೇಕಾದ ಪ್ರಶ್ನೆ ಅದು.

ಏಕೆಂದರೆ ಅದಕ್ಕೆ ಬರುವ ಉತ್ತರ ಸಾಮಾನ್ಯವಾಗಿ ‘ಮಲಗಿದ್ದೆ’ ಎಂಬುದೇ. ವಾರವಿಡೀ ಕಚೇರಿ, ರಜೆಯ ದಿನ ಮಧ್ಯಾಹ್ನದವರೆಗೆ ನಿದ್ರೆ, ಪಾರ್ಸೆಲ್ ಬಿರಿಯಾನಿ, ಉಳಿದ ಹೊತ್ತು ಮೊಬೈಲ್. ಹೊರಗೆ ಹೋಗೋಣವೆಂದರೆ ಬಿಸಿಲು. ಕುವೈತ್‌ನ ಮಿತ್ರಿಬಾದಲ್ಲಿ 2016ರ ಜುಲೈಯಲ್ಲಿ ಉಷ್ಣಾಂಶ 53.9 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಹೀಗಾಗಿ ಜನ ಎ.ಸಿ. ಕೋಣೆಯಿಂದ ಎ.ಸಿ. ಕಾರಿಗೆ, ಅಲ್ಲಿಂದ ಎ.ಸಿ. ಅಂಗಡಿಗೆ ಹೋಗಿಬರುತ್ತಾರೆ. ಸೂರ್ಯ ಧಾರಾಳವಾಗಿರುವ ನಾಡಿನಲ್ಲೇ ‘ಡಿ’ ಜೀವಸತ್ವದ ಕೊರತೆ ಸಾಮಾನ್ಯವಾಗಿರುವುದು ಇದರಿಂದಲೇ. ಭಾರತೀಯರಿಗೆ ಹೆಚ್ಚು ತೂಕವಿಲ್ಲದಿದ್ದರೂ, ಚಿಕ್ಕ ವಯಸ್ಸಿನಲ್ಲೇ ಸಕ್ಕರೆ ಕಾಯಿಲೆ ಬರುವ ಸಂಭವ ಹೆಚ್ಚು. ಕುಳಿತೇ ಕಳೆಯುವ ಬದುಕು ಅದನ್ನು ಇನ್ನಷ್ಟು ಬೇಗ ಕರೆದು ತರುತ್ತದೆ.

ಒಂಟಿತನವೂ ರೋಗಕಾರಕ

ಇದಕ್ಕಿಂತ ಗಂಭೀರವಾದದ್ದು ರಕ್ತಪರೀಕ್ಷೆಯಲ್ಲಿ ಕಾಣದ ಒಂಟಿತನ. ವಿಶ್ವ ಆರೋಗ್ಯ ಸಂಸ್ಥೆ 2025ರ ಜೂನ್‌ನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಬಾಧಿಸುತ್ತಿದೆ. ವರ್ಷಕ್ಕೆ ಸುಮಾರು 8,71,000 ಸಾವುಗಳೊಂದಿಗೆ ಅದಕ್ಕೆ ನಂಟಿದೆ. ಹೃದ್ರೋಗ, ಪಾರ್ಶ್ವವಾಯು, ಮಧುಮೇಹ, ಖಿನ್ನತೆ ಇವೆಲ್ಲದರ ಅಪಾಯವನ್ನು ಅದು ಹೆಚ್ಚಿಸುತ್ತದೆ. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು, ಕೋಣೆಯೊಂದನ್ನು ನಾಲ್ವರೊಡನೆ ಹಂಚಿಕೊಂಡವನೂ ಒಂಟಿಯಾಗಿರಬಹುದು. ಅಂಥವನಿಗೆ ‘ವಾಕಿಂಗ್ ಮಾಡಿ, ಚಿಂತೆ ಬಿಡಿ’ ಎಂದು ಚೀಟಿ ಬರೆದುಕೊಟ್ಟರೆ ಸಾಲದು. ಚಿಂತೆ ಬಿಡಲು ಮನಸ್ಸಿಗೆ ಬೇರೆ ಕೆಲಸ ಬೇಕು.

ಇಂಥ ಕೆಲಸಗಳಲ್ಲಿ ಒಂದು ಮಾದರಿ ವಿಮಾನಗಳನ್ನು ಕಟ್ಟಿ ಹಾರಿಸುವ ಹವ್ಯಾಸ, ಅಂದರೆ ಏರೋಮಾಡೆಲಿಂಗ್. ನಮ್ಮಲ್ಲಿ ಎನ್.ಸಿ.ಸಿ. ವಾಯುದಳದಲ್ಲಿದ್ದ ಅನೇಕರಿಗೆ ಇದರ ಪರಿಚಯವುಂಟು. ‘ನಲವತ್ತು ದಾಟಿದ ಮೇಲೆ ಆಟಿಕೆ ವಿಮಾನವೇ?’ ಎಂದು ಮನೆಯವರು ನಗುವುದೂ ಉಂಟು. ನಗುವ ಮೊದಲು ಅದು ಏನೇನು ಮಾಡಿಸುತ್ತದೆ ಎಂಬುದನ್ನು ನೋಡೋಣ.

ಮೊದಲನೆಯದಾಗಿ ಅದು ಬೆಳಿಗ್ಗೆ ಬೇಗ ಎಬ್ಬಿಸುತ್ತದೆ. ಗಾಳಿ ಶಾಂತವಾಗಿರುವುದು, ಬಿಸಿಲು ಹಿತವಾಗಿರುವುದು ಸೂರ್ಯೋದಯದ ಹೊತ್ತಿಗೆ. ಎರಡನೆಯದು, ಪೂರ್ಣ ಗಮನ. ವಿಮಾನ ನಮ್ಮಿಂದ ದೂರ ಹೋಗುವಾಗ ಎಡವೆಂದರೆ ಎಡವೇ. ತಿರುಗಿ ನಮ್ಮತ್ತ ಬರುವಾಗ ಎಡ ಬಲಗಳು ಅದಲುಬದಲಾಗುತ್ತವೆ. ಆ ಕ್ಷಣದಲ್ಲಿ ಮೇಲಧಿಕಾರಿಯ ಮುಖ ನೆನಪಾದರೆ ವಿಮಾನ ಮರಳಿನಲ್ಲಿ ಮೂಗೂರುತ್ತದೆ! ಹತ್ತು ನಿಮಿಷ ಬೇರೇನನ್ನೂ ಯೋಚಿಸದಿರುವುದು ದಣಿದ ಮನಸ್ಸಿಗೆ ದೊಡ್ಡ ವಿಶ್ರಾಂತಿ.

ಮೂರನೆಯದು ಸಂಗಡ. ಇದನ್ನು ಒಬ್ಬನೇ ಕಲಿಯುವುದು ಕಷ್ಟ. ಕಲಿಯುವವನ ಮತ್ತು ಕಲಿಸುವವನ ಟ್ರಾನ್ಸ್‌ಮಿಟರ್‌ಗಳನ್ನು ಜೋಡಿಸಿರುತ್ತಾರೆ. ಶಿಷ್ಯ ತಪ್ಪಿದರೆ ಗುರು ಒಂದು ಸ್ವಿಚ್‌ನಿಂದ ವಿಮಾನವನ್ನು ತನ್ನ ವಶಕ್ಕೆ ತೆಗೆದುಕೊಳ್ಳುತ್ತಾನೆ. ಪರದೇಶದಲ್ಲಿ ಮನುಷ್ಯನಿಗೆ ಅವನ ಹುದ್ದೆಯೇ ಹೆಸರು. ಈ ಮೈದಾನದಲ್ಲಿ ಹಾಗಲ್ಲ. ಮುರಿದ ರೆಕ್ಕೆಯನ್ನು ಸೊಗಸಾಗಿ ಅಂಟಿಸಬಲ್ಲ ಟೆಕ್ನೀಷಿಯನ್‌ನ ಮುಂದೆ ಮ್ಯಾನೇಜರನೂ ಕೈಕಟ್ಟಿ ನಿಲ್ಲುತ್ತಾನೆ. ಬಿದ್ದ ವಿಮಾನವನ್ನು ಮುಂದಿನ ರಜೆಯೊಳಗೆ ರಿಪೇರಿ ಮಾಡಬೇಕಲ್ಲ? ಹೀಗೆ ವಾರದ ಸಂಜೆಗಳಿಗೂ ಒಂದು ಗುರಿ ಸಿಗುತ್ತದೆ. ಕೈಯಲ್ಲಿದ್ದ ಮೊಬೈಲ್ ತಾನಾಗಿಯೇ ಕೆಳಗಿಳಿಯುತ್ತದೆ. ಕೋಣೆಯಲ್ಲಿ ಕುಳಿತು ಕಂಪ್ಯೂಟರ್ ಪರದೆಯ ಮೇಲೆ ವಿಮಾನ ಹಾರಿಸುವುದು ಕಲಿಕೆಗೆ ಸಹಾಯಕ. ಆದರೆ ಈ ಮೂರು ಲಾಭಗಳಲ್ಲಿ ಎರಡನ್ನು ಅದು ಕೊಡಲಾರದು.

ಎಚ್ಚರ ತಪ್ಪಬಾರದು

ವಿದ್ಯುತ್ ಮೋಟಾರಿನ ಪ್ರೊಪೆಲರ್ ಬೆರಳನ್ನು ಆಳವಾಗಿ ಕತ್ತರಿಸಬಲ್ಲದು. ಬ್ಯಾಟರಿಯನ್ನು ಕೊನೆಯಲ್ಲಿ ಜೋಡಿಸಿ, ಕೈಯನ್ನು ಪ್ರೊಪೆಲರ್‌ನಿಂದ ದೂರವಿಡಿ. ಲಿಥಿಯಂ ಪಾಲಿಮರ್ ಬ್ಯಾಟರಿಗಳನ್ನು ಚಾರ್ಜಿಗೆ ಹಾಕಿ ಮಲಗಬೇಡಿ; ಉಬ್ಬಿದ ಬ್ಯಾಟರಿಯನ್ನು ಬಳಸಲೇಬೇಡಿ. ಹಲವರು ಮಲಗುವ ಕೋಣೆಯಲ್ಲಿ ಬೆಂಕಿ ಹತ್ತಿದರೆ ಏನಾದೀತು, ಯೋಚಿಸಿ. ಚಿಕ್ಕ ಎಂಜಿನ್‌ಗಳ ಇಂಧನದಲ್ಲಿ ಮೆಥನಾಲ್ ಇರುತ್ತದೆ. ಅದನ್ನು ಕುಡಿದರೆ ಕಣ್ಣು ಹೋಗಬಹುದು, ಪ್ರಾಣವೂ ಹೋಗಬಹುದು. ನೀರಿನ ಅಥವಾ ಶರಬತ್ತಿನ ಬಾಟಲಿಯಲ್ಲಿ ಅದನ್ನು ತುಂಬಿಡಕೂಡದು. ಬಾಲ್ಸಾ ಮರವನ್ನು ಉಜ್ಜುವಾಗ ಮೂಗಿಗೆ ಮಾಸ್ಕ್ ಇರಲಿ, ಅಂಟು ಹಾಕುವಾಗ ಕಿಟಕಿ ತೆರೆದಿರಲಿ. ಮೈದಾನದಲ್ಲಿ ಟೋಪಿ, ತಂಪು ಕನ್ನಡಕ, ಸಾಕಷ್ಟು ನೀರು ಬೇಕು. ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಹೊರಡಲಿ. ಇನ್ಸುಲಿನ್ ಇರುವವರ ಚೀಲದಲ್ಲಿ ತಿನ್ನಲು ಏನಾದರೂ ಇರಲಿ.

ಕಾನೂನಿನ ವಿಷಯದಲ್ಲಂತೂ ಇನ್ನೂ ಹೆಚ್ಚಿನ ಎಚ್ಚರ ಬೇಕು. 2022ರ ಜನವರಿಯಲ್ಲಿ ಅಬುಧಾಬಿಯ ಮೇಲೆ ದಾಳಿ ನಡೆದ ಬೆನ್ನಲ್ಲೇ ಯು.ಎ.ಇ. ಸರಕಾರ ಹವ್ಯಾಸಿಗಳ ಡ್ರೋನ್ ಮತ್ತು ಹಗುರ ಕ್ರೀಡಾ ವಿಮಾನಗಳ ಹಾರಾಟವನ್ನು ನಿಲ್ಲಿಸಿತು. ಆಯಾ ದೇಶದ ವಿಮಾನಯಾನ ಇಲಾಖೆಯ ಅನುಮತಿ, ಗೊತ್ತುಪಡಿಸಿದ ಮೈದಾನ ಎರಡೂ ಇದ್ದರೆ ಮಾತ್ರ ಹಾರಿಸಬೇಕು. ‘ಮರುಭೂಮಿಯಲ್ಲಿ ಯಾರು ನೋಡುತ್ತಾರೆ?’ ಎನ್ನುವ ಗೆಳೆಯನ ಮಾತು ಕೇಳಿದರೆ ಕೆಲಸ, ವೀಸಾ ಎರಡಕ್ಕೂ ಕುತ್ತು. ಅನುಮತಿ ಸಿಗದ ಕಾಲದಲ್ಲಿ ಕಟ್ಟುವ ಕೆಲಸವನ್ನಷ್ಟೇ ಮುಂದುವರಿಸಬಹುದು. ಸಲಕರಣೆಗಳನ್ನು ಊರಿಗೆ ತರುವ ಮುನ್ನವೂ ವಿಚಾರಿಸಿಕೊಳ್ಳಿ. 2022ರ ಫೆಬ್ರವರಿಯಲ್ಲಿ ಭಾರತ ವಿದೇಶಿ ಡ್ರೋನ್‌ಗಳ ಆಮದನ್ನು ನಿಷೇಧಿಸಿತು.

ಎಲ್ಲರಿಗೂ ಇದು ಸಾಧ್ಯವೇ?

ಇಲ್ಲ. ಬಿಸಿಲಿನಲ್ಲಿ ಕಟ್ಟಡ ಕಟ್ಟಿ ಕಾರ್ಮಿಕರ ಕ್ಯಾಂಪಿಗೆ ಮರಳುವವನಿಗೆ ಬೇಕಾದದ್ದು ಮೊದಲು ನೆರಳು, ನೀರು, ನಿದ್ರೆ. ಯು.ಎ.ಇ.ಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಯಲಿನ ಕೆಲಸಕ್ಕೆ ಇರುವ ನಿಷೇಧದ ಉದ್ದೇಶವೂ ಅದೇ. ಅಂಥವನಿಗೆ ದುಬಾರಿ ಹವ್ಯಾಸದ ಉಪದೇಶ ಮಾಡುವುದು ಕ್ರೌರ್ಯ. ಅವನಿಗೆ ಗೆಳೆಯರೊಡನೆ ವಾಲಿಬಾಲ್ ಆಡುವುದೋ ಹಾಡುವುದೋ ಸಾಕು. ಹೊರಗಿನ ಗಾಳಿ, ಕೈಗೆ ಕೆಲಸ, ಜೊತೆಗೆ ಜನ ಇವು ಮೂರೂ ಸಿಗುವುದು ಮುಖ್ಯ, ವಿಮಾನವೇ ಆಗಬೇಕೆಂದಿಲ್ಲ.

ಕುಟುಂಬದೊಡನೆ ಇರುವವರಿಗೂ ಒಂದು ಮಾತು. ಅವಲಂಬಿತ ವೀಸಾದಲ್ಲಿರುವ ಹೆಂಡತಿಗೆ ವಾರವಿಡೀ ನಾಲ್ಕು ಗೋಡೆ. ರಜೆಯ ದಿನವನ್ನೂ ನಿಮ್ಮ ವಿಮಾನವೇ ನುಂಗಿದರೆ ನಿಮ್ಮ ಒಂಟಿತನ ಅವರಿಗೆ ವರ್ಗವಾದಂತೆ. ಬೆಳಗಿನ ಮೂರು ಗಂಟೆ ಮೈದಾನಕ್ಕಿರಲಿ, ಹೆಂಡತಿ ಮಕ್ಕಳನ್ನೂ ಕರೆದೊಯ್ಯಿರಿ.

ಊರಿನಲ್ಲಿರುವ ನಾವು ಮಾಡಬೇಕಾದದ್ದೂ ಇದೆ. ಸಂಬಳದಲ್ಲಿ ಸಣ್ಣದೊಂದು ಪಾಲು ಹವ್ಯಾಸಕ್ಕೆ ಹೋದರೆ ಅದನ್ನು ದುಂದುವೆಚ್ಚವೆನ್ನದಿರೋಣ. ಮುಂದೆ ಔಷಧಿ ಅಂಗಡಿಗೆ ಹೋಗಬಹುದಾದ ಹಣವದು. ಫೋನಿನಲ್ಲಿ ವಿಮಾನದ ಬಗ್ಗೆಯೂ ವಿಚಾರಿಸೋಣ. ಉತ್ಸಾಹದಿಂದ ಹೇಳುತ್ತಿದ್ದವರು ‘ಈಗ ಅದೆಲ್ಲ ಬಿಟ್ಟಿದ್ದೇನೆ, ಯಾವುದೂ ಬೇಡವೆನಿಸುತ್ತದೆ’ ಎಂದರೆ ಎಚ್ಚರಗೊಳ್ಳಿ. ಎರಡು ವಾರಕ್ಕೂ ಮಿಕ್ಕಿ ಬೇಸರ, ನಿದ್ರಾಹೀನತೆ, ನಿರಾಸಕ್ತಿ ಇದ್ದರೆ ಅದು ಖಿನ್ನತೆಯಿರಬಹುದು. ಆಗ ಬೇಕಾದದ್ದು ಹವ್ಯಾಸದ ಬುದ್ಧಿವಾದವಲ್ಲ, ವೈದ್ಯರ ಚಿಕಿತ್ಸೆ. ಹಣ ಬರುವುದು ಒಂದು ತಿಂಗಳು ತಡವಾದರೂ ಪರವಾಗಿಲ್ಲ, ಮೊದಲು ವೈದ್ಯರನ್ನು ಕಾಣು ಎಂದು ಧೈರ್ಯ ಹೇಳುವವರು ಮನೆಯವರೇ ಆಗಬೇಕು.