ಕೊಟ್ಟ ಪುಸ್ತಕ ಎಲ್ಲಿ ಹೋಯಿತು?

ಕಾತ್ರಜದಲ್ಲಿ ನಮ್ಮ ಮನೆಯಿಂದ ಹತ್ತು ನಿಮಿಷ ನಡೆದರೆ ಒಂದು ಸಣ್ಣ ಕಾಲೇಜು ಸಿಗುತ್ತದೆ. ಈ ಭಾಗದ ಕಾಲೇಜು ಎಂದರೆ ಎಲ್ಲರಿಗೂ ಭಾರತಿ ವಿದ್ಯಾಪೀಠದ ದೊಡ್ಡ ಕ್ಯಾಂಪಸ್ಸೇ ನೆನಪಾಗುತ್ತದೆ. ನಾನು ಹೇಳುತ್ತಿರುವುದು ಅದರ ಬಗ್ಗೆ ಅಲ್ಲ. ಇದು ಎರಡು ಮಹಡಿಯ, ಹೆಸರು ಹೇಳಿದರೆ ರಿಕ್ಷಾದವರಿಗೂ ತಟ್ಟನೆ ಹೊಳೆಯದ ಕಾಲೇಜು. ಅಕ್ಟೋಬರ್ 15 ಬಂತೆಂದರೆ ಇದರ ಗ್ರಂಥಾಲಯದ ನೋಟಿಸ್ ಬೋರ್ಡಿಗೆ ಕಳೆ ಬರುತ್ತದೆ. ಅಬ್ದುಲ್ ಕಲಾಂ ಅವರ ಜನ್ಮದಿನವನ್ನು ಮಹಾರಾಷ್ಟ್ರದಲ್ಲಿ 2015ರಿಂದ 'ವಾಚನ ಪ್ರೇರಣಾ ದಿನ' ಎಂದು ಆಚರಿಸುತ್ತಾರೆ. ಅಂದು ಪುಸ್ತಕ ಪ್ರದರ್ಶನ ಇರುತ್ತದೆ, ಹುಡುಗರು ತಾವು ಓದಿದ್ದರ ಬಗ್ಗೆ ಮಾತಾಡುತ್ತಾರೆ, ಊರವರಿಗೂ ಒಳಗೆ ಬಿಡುತ್ತಾರೆ.

ಕಳೆದ ವರ್ಷ ಹೋಗಿದ್ದೆ. ಮೇಜಿನ ಮೇಲೆ ಜೋಡಿಸಿದ್ದ ಮರಾಠಿ ಕಾದಂಬರಿಗಳ ನಡುವೆ ಭೈರಪ್ಪನವರ 'ಪರ್ವ' ಕಂಡಿತು. ಪುಣೆಯ ಉಮಾ ಕುಲಕರ್ಣಿ ಅವರ ಅನುವಾದ. ಹಿಂದಿನ ಪುಟದ ಚೀಟಿ ತೆಗೆದು ನೋಡಿದರೆ ವಾಪಸ್ ತಾರೀಖಿನ ಮುದ್ರೆಗಳಿಂದ ತುಂಬಿ, ಅದರ ಮೇಲೆ ಇನ್ನೊಂದು ಚೀಟಿ ಅಂಟಿಸಿದ್ದರು. ನಮ್ಮ ಹಾಸನದ ಲೇಖಕರನ್ನು ಕಾತ್ರಜದ ಹುಡುಗರು ಇಷ್ಟು ಓದುತ್ತಾರಲ್ಲ ಎಂದು ಹೆಮ್ಮೆಯಾಯಿತು. ಆಗಲೇ ನೆನಪಾದದ್ದು: ಇದೇ ಗ್ರಂಥಾಲಯಕ್ಕೆ ನಾನೂ ಪುಸ್ತಕ ಕೊಟ್ಟಿದ್ದೆನಲ್ಲ, ಅದರಲ್ಲಿ ಕನ್ನಡದ 'ಪರ್ವ'ವೂ ಇತ್ತಲ್ಲ, ಅದೆಲ್ಲಿ?

ಅಟೆಂಡರ್ ಕಾಕಾ ನನ್ನನ್ನು ಮೆಟ್ಟಿಲ ಕೆಳಗೆ ಕರೆದೊಯ್ದರು. ಮುರಿದ ಕುರ್ಚಿ, ಹಳೆಯ ಸಿಪಿಯು ಡಬ್ಬಿಗಳ ಹಿಂದೆ ಏಳು ರಟ್ಟಿನ ಪೆಟ್ಟಿಗೆಗಳಿದ್ದವು. ನಾನು ಸುತ್ತಿದ್ದ ಟೇಪು ಹಾಗೇ ಇತ್ತು. ಅದರ ಮೇಲೆ ನಾನೇ ಬರೆದಿದ್ದ ಅಪ್ಪನ ಹೆಸರೂ ಹಾಗೇ ಇತ್ತು.

ನಮ್ಮ ಅಪ್ಪ ಗದಗ ಜಿಲ್ಲೆಯ ರೋಣದಲ್ಲಿ ಹೈಸ್ಕೂಲ್ ಮಾಸ್ತರರು. ಸಂಬಳದ ದಿನ ಮನೆಗೆ ಸಂತಿ ತಂದಂತೆ ಪುಸ್ತಕ ತರುವವರು. ಅವರು ತೀರಿಕೊಂಡ ಮೇಲೆ ಅವ್ವ ಇಲ್ಲಿ ನಮ್ಮ ಜೊತೆ ಬಂದಳು, ಪುಸ್ತಕಗಳೂ ಬಂದವು. ಸುಮಾರು 340. ಎರಡು ಬೆಡ್‌ರೂಮಿನ ಫ್ಲ್ಯಾಟ್‌ನಲ್ಲಿ ಅವು ಆರು ತಿಂಗಳು ಮಂಚದ ಕೆಳಗಿದ್ದವು. ನನ್ನ ಮಗನಿಗೆ ಎಂಟು ವರ್ಷ. ಮನೆಯಲ್ಲಿ ಕನ್ನಡ ಮಾತಾಡುತ್ತಾನೆ, ಅಕ್ಷರ ಬರುವುದಿಲ್ಲ. ಯಾರೂ ಓದದೆ ಮನೆಯಲ್ಲಿ ಧೂಳು ತಿನ್ನುವುದಕ್ಕಿಂತ ನಾಲ್ಕು ಜನರಿಗೆ ಸಿಗಲಿ ಎಂದು ಕಾಲೇಜಿಗೆ ಕೊಟ್ಟೆ. ಪ್ರಾಂಶುಪಾಲರು ಶಾಲು ಹೊದಿಸಿದರು, ಫೋಟೊ ತೆಗೆದರು. ನಾನು ಆ ಫೋಟೊವನ್ನು ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ ಐವತ್ತು ಕೈಮುಗಿದ ಚಿತ್ರ ಗಳಿಸಿದೆ. ಆಮೇಲೆ ಒಂದು ವರ್ಷ ಆ ಕಡೆ ತಲೆ ಹಾಕಲಿಲ್ಲ.

ಪೆಟ್ಟಿಗೆ ನೋಡಿ ಸಿಟ್ಟು ಬಂದದ್ದು ಸುಳ್ಳಲ್ಲ. 'ಕನ್ನಡ ಅಂದರೆ ಹೊರರಾಜ್ಯದಲ್ಲಿ ಇಷ್ಟೇ' ಎಂದು ಈ ಅಂಕಣಕ್ಕೆ ಬರೆಯಲು ಮನಸ್ಸಿನಲ್ಲೇ ಒಂದು ಲೇಖನ ತಯಾರಾಗಿಬಿಟ್ಟಿತ್ತು. ಆದರೆ ಗ್ರಂಥಪಾಲಕಿ ಮೇಡಂ ಒಂದು ಪುಸ್ತಕ ತೆಗೆದು ನನ್ನ ಮುಂದಿಟ್ಟು ಮರಾಠಿಯಲ್ಲಿ ಕೇಳಿದರು: "ಸರ್, ಇದರ ಹೆಸರೇನು? ಬರೆದವರು ಯಾರು? ಕಥೆಯೋ, ಕವಿತೆಯೋ, ವ್ಯಾಕರಣವೋ? ನನಗೆ ಈ ಲಿಪಿ ಬರುವುದಿಲ್ಲ. ರಿಜಿಸ್ಟರ್‌ನಲ್ಲಿ ಏನಂತ ಬರೆಯಲಿ?"

ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಪುಸ್ತಕ ಗ್ರಂಥಾಲಯದ ಬಾಗಿಲು ದಾಟಿದ ಮಾತ್ರಕ್ಕೆ ಗ್ರಂಥಾಲಯದ್ದಾಗುವುದಿಲ್ಲ ಎಂಬುದು ನನಗೆ ಗೊತ್ತಾದದ್ದು ಆವತ್ತು. ಮೊದಲು ಅಕ್ಸೆಷನ್ ರಿಜಿಸ್ಟರ್‌ನಲ್ಲಿ ಅದಕ್ಕೊಂದು ಕ್ರಮಸಂಖ್ಯೆ ಬೀಳಬೇಕು. ಲೇಖಕ, ಪ್ರಕಾಶಕ, ವರ್ಷ, ಪುಟ, ಬೆಲೆ ನಮೂದಾಗಬೇಕು. ಆಮೇಲೆ ವಿಷಯದ ವರ್ಗಸಂಖ್ಯೆ, ಬೆನ್ನಿಗೆ ಲೇಬಲ್, ಕಂಪ್ಯೂಟರಿನಲ್ಲಿ ದಾಖಲೆ. ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಮರಾಠಿ ಸಾಹಿತ್ಯದ ಸಂಖ್ಯೆ 891.46, ಕನ್ನಡ ಸಾಹಿತ್ಯದ್ದು 894.814. ಈ ಸಂಖ್ಯೆ ಸಿಗದ ಪುಸ್ತಕಕ್ಕೆ ಕಪಾಟಿನಲ್ಲಿ ಜಾಗವಿಲ್ಲ, ಹುಡುಕಿದರೆ ಸಿಗುವುದೂ ಇಲ್ಲ. ಮೇಡಂಗೆ ಇದೆಲ್ಲ ಅಂಗೈ ಗೆರೆಯಷ್ಟು ಪರಿಚಿತ. ಅವರಿಗೆ ಬೇಕಾಗಿದ್ದದ್ದು ಮುಖಪುಟ ಓದಿ ಹೇಳುವ ಒಬ್ಬ ಮನುಷ್ಯ ಮಾತ್ರ. ಆ ಒಬ್ಬ ಮನುಷ್ಯ ಶಾಲು ಹೊದ್ದುಕೊಂಡು ಮನೆಗೆ ಹೋಗಿದ್ದ.

ದುಡ್ಡಿನ ಲೆಕ್ಕವೂ ಇದೆ. ಕರ್ನಾಟಕದಲ್ಲಿ 1965ರ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ವಸೂಲಾಗುತ್ತದೆ. ಮಹಾರಾಷ್ಟ್ರದ 1967ರ ಕಾಯ್ದೆಯಲ್ಲಿ ಸಂಘ ಸಂಸ್ಥೆಗಳು ನಡೆಸುವ ವಾಚನಾಲಯಗಳಿಗೆ ಅನುದಾನವಿದೆ. ಇಂಥ ಸಣ್ಣ ಖಾಸಗಿ ಕಾಲೇಜಿನ ಗ್ರಂಥಾಲಯ ಎರಡರ ಲೆಕ್ಕಕ್ಕೂ ಬರುವುದಿಲ್ಲ. ಅದು ನಡೆಯುವುದು ಮಕ್ಕಳ ಫೀಸಿನಿಂದ, ಪಠ್ಯಕ್ಕೆ ಬೇಕಾದ ಪಟ್ಟಿಯ ಪ್ರಕಾರ. ಮರಾಠಿ ಮಕ್ಕಳ ಫೀಸಿನಲ್ಲಿ ನಡೆಯುವ ಜಾಗದಲ್ಲಿ ಕನ್ನಡ ಪುಸ್ತಕ ಇಡಿ ಎಂದು ಕೇಳಲು ನನಗೆ ಹಕ್ಕೇನಿದೆ? ಏನೂ ಇಲ್ಲ. ಅವರು ಜಾಗ ಕೊಟ್ಟರೆ ಅದು ಅವರ ಸೌಜನ್ಯ. ಹಾಗಿರುವಾಗ ಅದರ ಕೆಲಸದ ಭಾರವನ್ನೂ ಅವರ ಮೇಲೇ ಹಾಕುವುದು ಯಾವ ನ್ಯಾಯ?

ಆದ್ದರಿಂದ ಶನಿವಾರಗಳಂದು ಕೂತೆ. ಒಟ್ಟು ಹನ್ನೊಂದು ಶನಿವಾರ ಹಿಡಿಯಿತು. ನಾನು ಓದಿ ಹೇಳುವುದು, ಮೇಡಂ ಬರೆಯುವುದು. ಮೊದಲ ದಿನವೇ ಅವರು ನಿಷ್ಠುರವಾಗಿ ಒಂದು ಮಾತು ಹೇಳಿದರು: ಎಲ್ಲವನ್ನೂ ಇಡುವುದಿಲ್ಲ. ಹಳೆಯ ಪಠ್ಯಪುಸ್ತಕ, ಗೈಡು, ಗೆದ್ದಲು ಹಿಡಿದದ್ದು, ಎರಡೆರಡು ಪ್ರತಿ ಎಲ್ಲ ಬೇರೆ ಮಾಡಿದೆವು. ಕೊನೆಗೆ ಉಳಿದದ್ದು 112. ಅಪ್ಪನ ಟಿಪ್ಪಣಿ ತುಂಬಿದ ಕೆಲವನ್ನು ಮನೆಗೆ ತಂದೆ. ಮಿಕ್ಕಿದ್ದರಲ್ಲಿ ಓದುವಂಥದ್ದು ಬೇರೆಯವರ ಕೈ ಸೇರಿತು, ಕೆಲವು ರದ್ದಿಗೆ ಹೋದವು. ರದ್ದಿಗೆ ಹಾಕುವಾಗ ಕೈ ನಡುಗಿತು. ಆದರೆ 1990ರ ದಶಕದ ಎಸ್ಸೆಸ್ಸೆಲ್ಸಿ ಗಣಿತದ ಗೈಡನ್ನು 'ಸಾಹಿತ್ಯ ಸೇವೆ' ಎಂದು ಇನ್ನೊಬ್ಬರ ತಲೆಗೆ ಕಟ್ಟಿದ್ದು ನನ್ನದೇ ತಪ್ಪು.

ಕಾಲೇಜಿನಲ್ಲಿ 'ಕೋಹಾ' ಎಂಬ ತಂತ್ರಾಂಶ ಬಳಸುತ್ತಾರೆ. ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ, ತಿದ್ದಿಕೊಳ್ಳಬಹುದಾದ ತಂತ್ರಾಂಶ. ನ್ಯೂಜಿಲೆಂಡಿನ ಹೊರೊಫೆನುವಾ ಎಂಬಲ್ಲಿನ ಗ್ರಂಥಾಲಯದ ಹಳೆಯ ವ್ಯವಸ್ಥೆ 2000ನೇ ಇಸವಿಯ ತಾರೀಖು ಬಂದರೆ ಕೆಡುತ್ತದೆ ಎಂದು ತಿಳಿದಾಗ, ಹೊಸದನ್ನು ಬರೆಸಿ ಜಗತ್ತಿಗೇ ಹಂಚಿದರು. ನಮ್ಮ ವೃತ್ತಿಯವರಿಗೆ ವೈಟುಕೆ ಎಂದರೆ ಡಾಲರ್ ಮತ್ತು ವೀಸಾ ನೆನಪಾಗುತ್ತವೆ. ಅದರಿಂದ ಇಂಥದ್ದೂ ಹುಟ್ಟಿದೆ. ಮಾವೊರಿ ಭಾಷೆಯಲ್ಲಿ ಕೋಹಾ ಎಂದರೆ ಕೊಡುಗೆ. ಆದರೆ ನಮ್ಮ 'ದಾನ'ದಂತೆ ಕೊಟ್ಟು ಕೈ ತೊಳೆದುಕೊಳ್ಳುವುದಲ್ಲ. ಕೊಟ್ಟವರ ಮತ್ತು ಪಡೆದವರ ನಡುವೆ ಹೋಗಿ ಬರುವ ಸಂಬಂಧ ಆ ಪದದಲ್ಲೇ ಇದೆಯಂತೆ. ನಮ್ಮೂರಲ್ಲಿ ಮದುವೆಗೆ ಮುಯ್ಯಿ ಮಾಡುತ್ತಾರಲ್ಲ, ಹೆಚ್ಚುಕಡಿಮೆ ಹಾಗೆ.

ಕನ್ನಡಕ್ಕೆ ಯುನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಜಾಗವಿದೆ. ಹಾಗಾಗಿ ಹೆಸರನ್ನು ಕನ್ನಡದಲ್ಲೇ ತುಂಬಲು ಅಡ್ಡಿ ಇರಲಿಲ್ಲ. ತೊಡಕು ಬಂದದ್ದು ಹುಡುಕುವವರ ಕಡೆಯಿಂದ. ಕಾಲೇಜಿನ ಕಂಪ್ಯೂಟರಿನಲ್ಲಿ ಯಾರು ಕನ್ನಡ ಟೈಪ್ ಮಾಡುತ್ತಾರೆ? ಹೀಗಾಗಿ ಪ್ರತಿ ದಾಖಲೆಯಲ್ಲೂ ಕನ್ನಡ ಲಿಪಿಯ ಜೊತೆಗೆ ಇಂಗ್ಲಿಷ್ ಅಕ್ಷರಗಳಲ್ಲೂ ಹೆಸರು ಕೊಟ್ಟೆವು. ಆಗ ಕಾಗುಣಿತದ ಕಿತಾಪತಿ ಶುರುವಾಯಿತು. ಕಾರಂತ ಎಂಬುದನ್ನು ಇಂಗ್ಲಿಷಿನಲ್ಲಿ ಮೂರು ಥರ ಬರೆಯುತ್ತಾರೆ. ಮರಾಠಿ 'ಪರ್ವ'ದ ದಾಖಲೆಯಲ್ಲಿ ಭೈರಪ್ಪನವರ ಹೆಸರಿಗೆ ಒಂದು ಕಾಗುಣಿತ, ನಾನು ಕೊಟ್ಟದ್ದು ಇನ್ನೊಂದು. ಕಂಪ್ಯೂಟರ್ ಅವರನ್ನು ಇಬ್ಬರು ಲೇಖಕರೆಂದು ತಿಳಿದು ಕೂತಿತ್ತು. ಮೇಡಂ ಎರಡನ್ನೂ ಒಂದು ಮಾಡಿದರು. ಈಗ ಅಲ್ಲಿ ಭೈರಪ್ಪ ಎಂದು ಹುಡುಕಿದರೆ 1979ರಲ್ಲಿ ಮೊದಲು ಬಂದ ಕನ್ನಡದ 'ಪರ್ವ' ಮತ್ತು ಅದರ ಮರಾಠಿ ರೂಪ ಒಂದರ ಕೆಳಗೊಂದು ಬರುತ್ತವೆ. ನನ್ನ ಕಚೇರಿಯಲ್ಲಿ ಇದಕ್ಕಿಂತ ನೂರು ಪಾಲು ದೊಡ್ಡ ಡೇಟಾ ಸರಿಪಡಿಸಿದ್ದೇನೆ. ಈ ಎರಡು ಸಾಲು ಕಂಡಾಗಿನ ಖುಷಿ ಅಲ್ಲಿ ಸಿಕ್ಕಿಲ್ಲ.

ಫೆಬ್ರವರಿ 27, ಮರಾಠಿ ಭಾಷಾ ಗೌರವ ದಿನದಂದು, ಆ 112 ಪುಸ್ತಕಗಳು ಮರಾಠಿ ಕಪಾಟಿನ ಪಕ್ಕ ಬಂದು ನಿಂತವು. ಆ ದಿನವೇ ಇಡೋಣ ಎಂದದ್ದು ಮೇಡಂ.

ಆಮೇಲೆ ಏನಾಯಿತು? ಎರಡು ತಿಂಗಳು ಏನೂ ಆಗಲಿಲ್ಲ. ಒಂದು ಪುಸ್ತಕವೂ ಅಲುಗಲಿಲ್ಲ. ನಮ್ಮ ಸೊಸೈಟಿಯಲ್ಲಿ ಹದಿನಾಲ್ಕು ಕನ್ನಡ ಮನೆಗಳಿವೆ. ನವೆಂಬರ್ ಒಂದಕ್ಕೆ ಬಾವುಟ ಹಾರಿಸುತ್ತೇವೆ, ಬಿಸಿಬೇಳೆ ಬಾತ್ ಮಾಡಿಸುತ್ತೇವೆ, ಹಾಡು ಹಾಡುತ್ತೇವೆ. ಪುಸ್ತಕ ಬಂದಿದೆ ಎಂದು ಹೇಳಿದರೆ ಎಲ್ಲರೂ 'ಸೂಪರ್' ಎಂದರು. ಯಾರೂ ಹೋಗಲಿಲ್ಲ.

ಮೊದಲು ಕೇಳಿದವರು ಕಾಲೇಜಿನ ಗೇಟಿನ ಕಾವಲುಗಾರರು. ಒಂದು ಶನಿವಾರ ನನ್ನ ಕೈಯಲ್ಲಿದ್ದ ಪುಸ್ತಕ ನೋಡಿ, "ಸರ, ಇದು ಕನ್ನಡದ್ದಲ್ರಿ? ನಾನೂ ಏಳನೆತ್ತೆ ತನಕ ಕನ್ನಡ ಸಾಲಿಗೇ ಹೋಗೀನ್ರಿ" ಅಂದರು. ಅವರು ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನವರು. ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಕಡೆ ಮಹಾರಾಷ್ಟ್ರದೊಳಗೇ ಕನ್ನಡ ಶಾಲೆಗಳಿವೆ ಎಂಬುದು ಪುಣೆಯ ನಮ್ಮಂಥ ಐಟಿ ಕನ್ನಡಿಗರ ಲೆಕ್ಕದಲ್ಲೇ ಇರುವುದಿಲ್ಲ. ಕನ್ನಡಿಗ ಎಂದರೆ ನಮಗೆ ಹಿಂಜೆವಾಡಿಯ ಬಸ್ಸಿನಲ್ಲಿ ಕೂತವನು. ಇಲ್ಲಿ ಕಟ್ಟಡ ಕಟ್ಟುವ ಕಲಬುರಗಿ, ಯಾದಗಿರಿ ಜನರೂ ರಾತ್ರಿ ಗೇಟು ಕಾಯುವ ಜತ್ತದವರೂ ಕನ್ನಡಿಗರೇ.

ಆದರೆ ಅವರಿಗೆ ಪುಸ್ತಕ ಕೊಡುವಂತಿರಲಿಲ್ಲ. ನಿಯಮದ ಪ್ರಕಾರ ಸದಸ್ಯತ್ವ ವಿದ್ಯಾರ್ಥಿಗಳಿಗೆ ಮತ್ತು ಸಿಬ್ಬಂದಿಗೆ. ಅವರು ಏಜೆನ್ಸಿಯ ನೌಕರರು, ಕಾಲೇಜಿನ ಸಿಬ್ಬಂದಿ ಅಲ್ಲ. ದಿನಾ ಗ್ರಂಥಾಲಯದ ಬೀಗ ತೆಗೆಯುವವರು ಅವರು, ಪುಸ್ತಕ ಒಯ್ಯಲು ಅರ್ಹತೆ ಇಲ್ಲದವರೂ ಅವರೇ. ನಾನು ಪ್ರಾಂಶುಪಾಲರಿಗೆ ಪತ್ರ ಬರೆದೆ, ಮೇಡಂ ಅದರ ಕೆಳಗೆ ನಾಲ್ಕು ಸಾಲು ಸೇರಿಸಿದರು. ಮೂರು ವಾರದ ನಂತರ ಹೊರಗಿನವರಿಗೆ ಐನೂರು ರೂಪಾಯಿ ಡಿಪಾಜಿಟ್ ಮೇಲೆ, ಕ್ಯಾಂಪಸ್ಸಿನಲ್ಲಿ ದುಡಿಯುವವರಿಗೆ ಡಿಪಾಜಿಟ್ ಇಲ್ಲದೆ ಕಾರ್ಡು ಕೊಡಬಹುದು ಎಂದಾಯಿತು. ಅವರು ಒಯ್ದ ಮೊದಲ ಪುಸ್ತಕ ರಾವಬಹಾದ್ದೂರರ 'ಗ್ರಾಮಾಯಣ'. ಅದರ ಗಾತ್ರ ನೋಡಿ ನಾನು ಬೇರೆ ಸಣ್ಣದು ತೋರಿಸಿದ್ದೆ. "ರಾತ್ರಿ ಪಾಳಿ ಉದ್ದ ಇರ್ತದ್ರಿ" ಎಂದು ಅದನ್ನೇ ಒಯ್ದರು.

ಎಸ್.ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಬರೆದರು. ಅದರಲ್ಲಿ ಮೊದಲನೆಯದು, ಪುಸ್ತಕ ಇರುವುದು ಬಳಕೆಗೆ ಎಂಬುದು. ಬದುಕಿನ ಕೊನೆಯ ವರ್ಷಗಳನ್ನು ಅವರು ಬೆಂಗಳೂರಿನಲ್ಲೇ ಕಳೆದರು; ಅವರ ಹುಟ್ಟಿದ ದಿನವಾದ ಆಗಸ್ಟ್ 12 ಗ್ರಂಥಪಾಲಕರ ದಿನ. ಈ ಸೂತ್ರ ಹೊರನಾಡಿನಲ್ಲಿರುವ ನಮಗೆ ಹೆಚ್ಚು ಅನ್ವಯಿಸುತ್ತದೆ. ನಾವು ಪುಸ್ತಕ ಕೊಡುತ್ತೇವೆ, ಒಯ್ಯುವುದಿಲ್ಲ. ಕಾಲೇಜಿನ ಮೌಲ್ಯಮಾಪನ ಮಾಡುವ ನ್ಯಾಕ್ ಗ್ರಂಥಾಲಯ ಎಷ್ಟು ಬಳಕೆಯಾಗುತ್ತದೆ ಎಂದೂ ಕೇಳುತ್ತದೆ. ಯಾರೂ ಮುಟ್ಟದ ಕಪಾಟು ಎಷ್ಟು ದಿನ ಉಳಿದೀತು? ಕನ್ನಡದ ಕಪಾಟಿಗೆ ಈಗ ಇನ್ನೊಬ್ಬ ದಾನಿ ಬೇಡ, ಒಯ್ದು ಓದಿ ತಂದಿಡುವವರು ಬೇಕು.

ಎಲ್ಲ ಮೊಬೈಲಿನಲ್ಲೇ ಸಿಗುವಾಗ ಇದೆಲ್ಲ ಯಾಕೆ ಎಂದು ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು. ಅಪ್ಪನ ಪುಸ್ತಕಗಳಲ್ಲಿ ಅರ್ಧದಷ್ಟು ನನಗೆ ಎಲ್ಲೂ ಇ-ಪುಸ್ತಕವಾಗಿ ಸಿಗಲಿಲ್ಲ. ಸಿಕ್ಕರೂ, ಹುಡುಕಬೇಕೆಂದು ಗೊತ್ತಿರುವವನಿಗೆ ಮಾತ್ರ ಅದು ಸಿಗುತ್ತದೆ. ಗೇಟಿನ ಅಣ್ಣನಿಗೆ 'ಗ್ರಾಮಾಯಣ' ಸಿಕ್ಕಿದ್ದು ಕಣ್ಣಿಗೆ ಬಿದ್ದದ್ದರಿಂದ.

ಪುಣೆಗೂ ಕನ್ನಡಕ್ಕೂ ಹಳೆಯ ನಂಟು. ಬೇಂದ್ರೆ ಓದಿದ್ದು ಇಲ್ಲಿನ ಫರ್ಗ್ಯುಸನ್ ಕಾಲೇಜಿನಲ್ಲಿ, ಗೋಕಾಕರು 1930ರ ದಶಕದಲ್ಲಿ ಅಲ್ಲಿ ಪಾಠ ಹೇಳಿದ್ದರು. ಇಲ್ಲಿನ ಕನ್ನಡ ಸಂಘ ಕಾವೇರಿ ಹೆಸರಿನ ಶಿಕ್ಷಣ ಸಂಸ್ಥೆಗಳನ್ನೇ ನಡೆಸುತ್ತಿದೆ. ಆದರೆ ಕಾತ್ರಜದಿಂದ ಆ ಕಡೆ ಹೋಗಲು ಸಂಜೆಯ ಟ್ರಾಫಿಕ್‌ನಲ್ಲಿ ಒಂದು ಗಂಟೆಯೇ ಬೇಕು. ದೊಡ್ಡ ಸಂಸ್ಥೆಗಳು ಎಲ್ಲ ಕಡೆ ಇರಲಾರವು. ಸಣ್ಣ ಕಾಲೇಜಿನ ಒಂದು ಕಪಾಟು ಯಾವ ಬಡಾವಣೆಯಲ್ಲಾದರೂ ಸಾಧ್ಯ.

ಚೆನ್ನೈ, ಹೈದರಾಬಾದ್, ನೊಯ್ಡಾ ಎಲ್ಲೇ ಇರಿ, ಮನೆಯಲ್ಲಿ ಪುಸ್ತಕದ ಪೆಟ್ಟಿಗೆ ಇದ್ದರೆ ನನ್ನಂತೆ ಮಾಡಬೇಡಿ. ಮೊದಲು ಬರಿಗೈಯಲ್ಲಿ ಹೋಗಿ ಗ್ರಂಥಪಾಲಕರನ್ನು ಮಾತಾಡಿಸಿ. ಮುನ್ನೂರು ಬೇಡ, ಐವತ್ತು ಆರಿಸಿ. ಪ್ರತಿ ಪುಸ್ತಕದೊಳಗೆ ಹೆಸರು, ಲೇಖಕ, ವಿಷಯವನ್ನು ಅವರಿಗೆ ಓದಲು ಬರುವ ಲಿಪಿಯಲ್ಲಿ ಬರೆದ ಚೀಟಿ ಇಡಿ. ದಾಖಲೆ ಮುಗಿಯುವವರೆಗೆ ಪಕ್ಕದಲ್ಲಿ ಕೂತಿರಿ. ಹೊರಗಿನವರಿಗೆ, ಗೇಟಿನವರಿಗೆ ಸದಸ್ಯತ್ವ ಕೇಳಿ. ಕೊನೆಗೆ ನೀವೇ ಒಂದು ಕಾರ್ಡು ಮಾಡಿಸಿ, ತಿಂಗಳಿಗೊಂದು ಪುಸ್ತಕ ತನ್ನಿ.

ನಾನು ಈಗ ಅಪ್ಪನ 'ಪರ್ವ'ವನ್ನೇ ಅಲ್ಲಿಂದ ಎರವಲು ತಂದಿದ್ದೇನೆ. ನಮ್ಮ ಮನೆಯಲ್ಲಿದ್ದಷ್ಟು ವರ್ಷ ಅದನ್ನು ತೆರೆದವನಲ್ಲ. ಮಗ ಅದರ ಬೆನ್ನಿನ ಲೇಬಲ್ ಮೇಲಿನ ಸಂಖ್ಯೆ ಓದಿ, ಇದೇನೆಂದು ಕೇಳಿದ. ಕನ್ನಡದ ಮನೆ ನಂಬರ್ ಅಂದೆ. ಹಿಂದಿನ ಚೀಟಿಯಲ್ಲಿ ಸದ್ಯಕ್ಕೆ ಒಂದೇ ಮುದ್ರೆ ಇದೆ, ನನ್ನದು. ಬರುವ ಶನಿವಾರ ವಾಪಸ್ ಕೊಡಬೇಕು. ಇನ್ನೂ ಮುನ್ನೂರು ಪುಟ ಬಾಕಿ ಇದೆ, ಬಹುಶಃ ದಂಡ ಕಟ್ಟಬೇಕಾಗುತ್ತದೆ.

(ಲೇಖಕರು ರೋಣದವರು, ಪುಣೆಯ ಕಾತ್ರಜದಲ್ಲಿ ವಾಸ, ಸಾಫ್ಟ್‌ವೇರ್ ಎಂಜಿನಿಯರ್)