ಕೊಂಕಣ ಸುತ್ತಿ ಮೈಲಾರಕ್ಕೆ

ಕಳೆದ ದೀಪಾವಳಿಗೆ ಮಗ ಊರಿಗೆ ಬಂದಿದ್ದಾಗ ನಡೆದ ಪ್ರಸಂಗವಿದು. ಹಳೆಯ ಲ್ಯಾಪ್‌ಟಾಪಿನಲ್ಲಿದ್ದ ತನ್ನ ಮದುವೆಯ ವಿಡಿಯೋವನ್ನು ಅವನು ಹೊಸದಕ್ಕೆ ಸೇರಿಸಬೇಕಾಗಿತ್ತು. ಅದರ ಗಾತ್ರ 5 ಜಿಬಿ. ಎರಡು ಯಂತ್ರಗಳೂ ಒಂದೇ ಮೇಜಿನ ಮೇಲೆ, ಗೇಣುದ್ದದ ಅಂತರದಲ್ಲಿದ್ದವು. ಮನೆಯಲ್ಲಿದ್ದ ಪೆನ್ ಡ್ರೈವ್ ಹಳೆಯ ಎಫ್‌ಎಟಿ32 ಕ್ರಮದ್ದು. 4 ಜಿಬಿ ಮೀರಿದ ಒಂದೇ ಕಡತವನ್ನು ಅದು ಸ್ವೀಕರಿಸದು. ಮಗ ಆ ವಿಡಿಯೋವನ್ನು ಅಂತರಜಾಲದ ಮೂಲಕ ಎಲ್ಲಿಯೋ ಇರುವ ಸರ್ವರಿಗೆ ಏರಿಸತೊಡಗಿದ. ಅಲ್ಲಿಂದ ಪಕ್ಕದ ಯಂತ್ರಕ್ಕೆ ಇಳಿಸಿಕೊಳ್ಳುವುದು ಅವನ ಯೋಜನೆ. ಅರ್ಧ ಏರುವಷ್ಟರಲ್ಲಿ ವಿದ್ಯುತ್ ಹೋಯಿತು, ರೌಟರ್ ಕಣ್ಣು ಮುಚ್ಚಿತು.

“ನೆಟ್ ಹೋಯ್ತಪ್ಪಾ, ಇನ್ನೇನೂ ಮಾಡೋಕಾಗಲ್ಲ” ಎಂದು ಅವನು ಕೈಚೆಲ್ಲಿದ.

ಕೊಂಕಣ ಸುತ್ತಿ ಮೈಲಾರಕ್ಕೆ ಬರುವುದೆಂದರೆ ಇದೇ ಅಲ್ಲವೇ? ರೌಟರಿಗೆ ಸಿಕ್ಕಿಸಿದ್ದ ಒಂದೂವರೆ ಮೀಟರಿನ ಲ್ಯಾನ್ ಕೇಬಲ್ಲನ್ನು ಕಿತ್ತು, ಒಂದು ತುದಿಯನ್ನು ಹಳೆಯ ಲ್ಯಾಪ್‌ಟಾಪಿಗೂ ಇನ್ನೊಂದನ್ನು ಹೊಸದಕ್ಕೂ ಜೋಡಿಸಿದೆ. ಯಂತ್ರಗಳೆರಡೂ ಬ್ಯಾಟರಿಯಲ್ಲಿ ನಡೆಯುತ್ತಿದ್ದವು. ಕರೆಂಟು ಬರುವ ಮೊದಲೇ ಮದುವೆ ಮೇಜಿನ ಈಚೆಗೆ ಬಂದಿತ್ತು.

ನಾನು ಗಣಿತದ ಮೇಷ್ಟ್ರು. ಲೆಕ್ಕ ಹಾಕದೆ ಇರಲಾರೆ. ಸೆಕೆಂಡಿಗೆ 10 ಮೆಗಾಬಿಟ್ ಏರಿಸುವ ನಮ್ಮ ಸಂಪರ್ಕದಲ್ಲಿ 5 ಜಿಬಿ ಮೇಲೇರಲು ಸುಮಾರು 67 ನಿಮಿಷ ಬೇಕು. ಇಳಿಸಿಕೊಳ್ಳುವ ಹೊತ್ತು ಬೇರೆ. 1 ಗಿಗಾಬಿಟ್ ವೇಗದ ಕೇಬಲ್ಲಿನಲ್ಲಿ ಅದೇ ಕಡತಕ್ಕೆ 40 ಸೆಕೆಂಡು. ಹಾರ್ಡ್‌ಡಿಸ್ಕ್ ನಿಧಾನವಾದರೆ ಒಂದೆರಡು ನಿಮಿಷವೆನ್ನೋಣ. ಆದರೂ ಮೊದಲ ದಾರಿಯನ್ನು ಆಧುನಿಕವೆಂದೂ ಎರಡನೆಯದನ್ನು ಹಳೆಗಾಲದ್ದೆಂದೂ ಕರೆಯುತ್ತೇವೆ. ನಾನು ಮೊದಲನೆಯದನ್ನು ಪರಾವಲಂಬನೆ ಎನ್ನುತ್ತೇನೆ.

ಈ ವಿದ್ಯೆ ನನಗೆ ದಕ್ಕಿದ್ದು 2004ರಲ್ಲಿ. ಆಗ ಮನೆಯಲ್ಲಿ ವಿಂಡೋಸ್ 98ರ ಒಂದು, ಎಕ್ಸ್‌ಪಿಯ ಒಂದು, ಹೀಗೆ ಎರಡು ಕಂಪ್ಯೂಟರುಗಳಿದ್ದವು. 1.44 ಎಂಬಿಯ ಫ್ಲಾಪಿಗಳಲ್ಲಿ 30 ಎಂಬಿ ಸಾಗಿಸಲು 21 ಫ್ಲಾಪಿ ಬೇಕು. ಅವುಗಳಲ್ಲಿ ಒಂದು ಕೆಟ್ಟರೂ ಎಲ್ಲವೂ ವ್ಯರ್ಥ. ಅಂಗಡಿಯವರು ಹಬ್ ಕೊಳ್ಳದೆ ಆಗದೆಂದರು. ಕೇಬಲ್ ಎಳೆಯುವ ಕೆಲಸದಲ್ಲಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಕೇಳಿ ನಕ್ಕ. “ಎರಡೇ ಅಲ್ವಾ ಸಾರ್, ಕ್ರಾಸ್ ಕೇಬಲ್ ಸಾಕು” ಎಂದವನೇ, ಜಗಲಿಯ ಮೇಲೆ ಕುಳಿತು ತಂತಿ ಸುಲಿದು, ಕ್ರಿಂಪಿಂಗ್ ಇಕ್ಕಳದಿಂದ ತುದಿಗಳನ್ನು ಒತ್ತಿಕೊಟ್ಟ.

ಅದರ ಗುಟ್ಟು ಬೆಂಕಿಪೊಟ್ಟಣದ ದೂರವಾಣಿ ಆಡಿದ ಯಾವ ಮಗುವಿಗೂ ಅರ್ಥವಾಗುವಂಥದು. ಕೇಬಲ್ಲಿನೊಳಗೆ ಎಂಟು ತಂತಿಗಳು. 100 ಮೆಗಾಬಿಟ್ಟಿನ ಆ ಕಾಲದ ಯಂತ್ರಗಳಿಗೆ ಬೇಕಾದದ್ದು ನಾಲ್ಕೇ: 1 ಮತ್ತು 2 ಹೇಳಲು, 3 ಮತ್ತು 6 ಕೇಳಲು. ತಂತಿಗಳು ನೇರವಾಗಿ ಸಾಗಿದರೆ ಬಾಯಿಗೆ ಬಾಯಿ, ಕಿವಿಗೆ ಕಿವಿ ಸಿಕ್ಕಿ ಇಬ್ಬರೂ ಮೂಕರಾಗುತ್ತಾರೆ. ಆದ್ದರಿಂದ ಒಂದು ತುದಿಯ 1 ಇನ್ನೊಂದು ತುದಿಯ 3ಕ್ಕೆ, 2 ಅಲ್ಲಿಯ 6ಕ್ಕೆ, ಹಾಗೆಯೇ ತಿರುಗಾಮುರುಗಾ ಜೋಡಿಸಬೇಕು. ಇಂದಿನ ಗಿಗಾಬಿಟ್ ಯಂತ್ರಗಳು ಈ ಅದಲುಬದಲನ್ನು ತಾವೇ ಮಾಡಿಕೊಳ್ಳುವುದರಿಂದ ಸಾಮಾನ್ಯ ಕೇಬಲ್ಲೇ ಸಾಕು. ಒಂದಕ್ಕೆ 192.168.0.1, ಇನ್ನೊಂದಕ್ಕೆ 192.168.0.2 ಎಂಬ ವಿಳಾಸ, ಎರಡಕ್ಕೂ 255.255.255.0 ಎಂಬ ಮಾಸ್ಕ್ ಕೊಟ್ಟು ‘ಪಿಂಗ್’ ಮಾಡಿದರೆ, ಫೈರ್‌ವಾಲ್ ಅಡ್ಡಬಾರದಿದ್ದರೆ, ಆಚೆಯಿಂದ ಉತ್ತರ ಬರುತ್ತದೆ. ಆಮೇಲೆ ಒಂದು ಫೋಲ್ಡರನ್ನು ಹಂಚಿಕೆಗೆ ತೆರೆದರಾಯಿತು.

ಈಗ ನನ್ನ ತಪ್ಪೊಪ್ಪಿಗೆ. ಅದೇ ವರ್ಷಗಳಲ್ಲಿ ನಾನು ಪಾಠ ಮಾಡುತ್ತಿದ್ದ ಪ್ರೌಢಶಾಲೆಗೆ ಹತ್ತು ಕಂಪ್ಯೂಟರುಗಳು ಬಂದವು, ಅಂತರಜಾಲ ಬರಲಿಲ್ಲ. “ಸಂಪರ್ಕ ಬಂದ ಮೇಲೆ ತೆರೆಯೋಣ” ಎಂದು ಕೊಠಡಿಗೆ ಬೀಗ ಬಿತ್ತು. ಸಂಪರ್ಕ ಕೋರಿ ಬರೆದ ಪತ್ರಗಳಿಗೆ ನಾನೂ ಸಹಿ ಹಾಕಿದೆ. ಒಂದು ಇಡೀ ತಂಡದ ಮಕ್ಕಳು ಆ ಯಂತ್ರಗಳನ್ನು ಕಿಟಕಿಯಿಂದ ನೋಡಿಯೇ ಎಸ್ಸೆಸ್ಸೆಲ್ಸಿ ಮುಗಿಸಿ ಹೋದರು. ಜಗಲಿಯ ಮೇಲೆ ನಾನೇ ಕಣ್ಣಾರೆ ಕಂಡದ್ದನ್ನು ಶಾಲೆಗೆ ಒಯ್ಯುವ ಬುದ್ಧಿ ನನಗೆ ಹೊಳೆಯಲಿಲ್ಲ. ವಿಳಾಸವೆಂದರೇನು, ಕೇಳುವವನು ಯಾರು, ಕೊಡುವವನು ಯಾರು ಎಂಬ ಮೊದಲ ಪಾಠಗಳನ್ನು ಎರಡು ಯಂತ್ರ, ಎರಡು ಮೀಟರ್ ತಂತಿಯಿಂದಲೇ ಕಲಿಸಬಹುದಿತ್ತು. ಬೀಗ ಹಾಕಿದ್ದು ಬಡತನವಲ್ಲ, ನಮ್ಮ ಅಜ್ಞಾನ.

ಆಕ್ಷೇಪಣೆಗಳು ಬರುತ್ತವೆಂದು ಬಲ್ಲೆ. ದೂರದೂರಿನ ಮಗಳಿಗೆ ಫೋಟೋ ಕಳಿಸಲು ಅಂತರಜಾಲ ಬೇಡವೇ? ಖಂಡಿತ ಬೇಕು. ಮನೆಗೆ ಬೆಂಕಿ ಬಿದ್ದರೂ ಉಳಿಯಲೆಂದು ಒಂದು ಪ್ರತಿಯನ್ನು ದೂರದಲ್ಲಿಡುವುದೂ ವಿವೇಕವೇ. ಹೊಸ ಲ್ಯಾಪ್‌ಟಾಪುಗಳಲ್ಲಿ ಲ್ಯಾನ್ ಕಿಂಡಿಯೇ ಇರುವುದಿಲ್ಲವಲ್ಲ ಎನ್ನುವವರಿಗೆ ಯುಎಸ್‌ಬಿಗೆ ಸಿಕ್ಕಿಸುವ ಅಡಾಪ್ಟರುಗಳಿವೆ. ಇಷ್ಟು ತಿಳಿದು ಏನಾಗಬೇಕು ಎನ್ನುವವರಿಗೆ ಮಾತ್ರ ನನ್ನ ಉತ್ತರ ತುಸು ಕಟು: ತನ್ನ ಮನೆಯ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಲು ಪರರ ಅಪ್ಪಣೆ ಬೇಕೆಂದು ನಂಬಿದವನಿಗೆ, ಬಾಗಿಲು ಮುಚ್ಚಿದ ದಿನ ಗೋಡೆ ಯಾವುದು, ದಾರಿ ಯಾವುದು ಎಂದೂ ತಿಳಿಯುವುದಿಲ್ಲ. ಇಂಥವರನ್ನು ತಯಾರು ಮಾಡುವುದನ್ನೇ ಗಣಕ ಶಿಕ್ಷಣವೆಂದು ಕರೆಯುವುದಾದರೆ ಆ ಹೆಸರಿಗೇ ಅವಮಾನ.

ಸಹೃದಯ ಓದುಗರೇ, ನಿಮ್ಮ ಊರಿನ ಶಾಲೆಯಲ್ಲಿ ‘ನೆಟ್ ಇಲ್ಲ’ವೆಂದು ಬೀಗ ಹಾಕಿದ ಕೊಠಡಿಯಿದ್ದರೆ, ಮುಖ್ಯೋಪಾಧ್ಯಾಯರನ್ನು ಕಂಡು ಬೀಗ ತೆಗೆಸಿರಿ. ಹೋಗುವಾಗ ಒಂದು ಕೇಬಲ್ ಕೊಂಡೊಯ್ಯಿರಿ. ಜೋಡಿಸುವ ಕೆಲಸ ಮಾತ್ರ ನೀವು ಮಾಡಬೇಡಿ, ಮಕ್ಕಳಿಂದ ಮಾಡಿಸಿರಿ.