ಮುರಿದ ಬೋಲ್ಟಿನ ಕೂಲಿ

ಮೊದಲಿಗೇ ತಪ್ಪೊಪ್ಪಿಕೊಂಡುಬಿಡುತ್ತೇನೆ. ಆ ಬೋಲ್ಟು ಮುರಿದವನು ನಾನೇ.

ಪುಣೆಯಲ್ಲಿರುವ ನಮ್ಮ ಮಾಮಾರ ಹತ್ತಿರ 1986ರ ಪ್ರೀಮಿಯರ್ ಪದ್ಮಿನಿ ಇದೆ. ಫಿಯಟ್ ಕಂಪನಿಯ ನಕಾಶೆಯಂತೆ ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ, 1089 ಸಿ.ಸಿ. ಎಂಜಿನ್ನಿನ ಗಾಡಿ ಅದು. ಮುಂಬಯಿಯ ಟ್ಯಾಕ್ಸಿ ಸ್ಟ್ಯಾಂಡುಗಳಿಂದ 2023ರ ಅಕ್ಟೋಬರದಲ್ಲಿ ಮರೆಯಾಯಿತು. ಮಾಮಾ ಮಾತ್ರ ಬಿಟ್ಟಿಲ್ಲ.

ದೀಪಾವಳಿ ರಜೆಯಲ್ಲಿ ಅದರ ಹೊಗೆ ಹೋಗುವ ಮ್ಯಾನಿಫೋಲ್ಡು ಫಟ್ ಫಟ್ ಎಂದು ಸದ್ದು ಮಾಡತೊಡಗಿತು. ಗ್ಯಾಸ್ಕೆಟ್ ಸುಟ್ಟಿತ್ತು. 'ಅದೇನು ಮಹಾ, ನಟ್ ಬಿಚ್ಚೋದಷ್ಟೇ' ಅಂತ ನಾನು ಪಾನಾ ಹಿಡಿದೆ. ಮೂರನೆಯ ನಟ್ಟು ಅಲುಗಲಿಲ್ಲ. ಪಾನಾಕ್ಕೆ ಪೈಪು ಸಿಕ್ಕಿಸಿ ಮೈಭಾರ ಹಾಕಿದೆ. ಟಕ್! ಅರ್ಧ ಬೋಲ್ಟು ನಟ್ಟಿನ ಸಂಗಡ ಕೈಗೆ ಬಂತು, ಇನ್ನರ್ಧ ಎಂಜಿನ್ನಿನ ಹೆಡ್ಡಿನಲ್ಲೇ ಉಳಿಯಿತು.

ಓಣಿಯ ಗ್ಯಾರೇಜಿನ ಮಿಸ್ತ್ರಿ ನಮ್ಮ ಇಂಡಿ ತಾಲೂಕಿನ ಕಡೆಯವರು. ನೋಡಿ ಬಯ್ಯಲಿಲ್ಲ. "ತಮ್ಮಾ, ಜಂಗ್ ಹಿಡಿದದ್ದು ಜೋರಿಗೆ ಬರೂದಿಲ್ಲ, ಮುರೀತೈತಿ" ಅಂದರು. ಕಬ್ಬಿಣ ಜಂಗು ಹಿಡಿದರೆ ಉಬ್ಬುತ್ತದೆ. ಆ ಜಂಗು ಬೋಲ್ಟಿನ ಸುತ್ತಿನ ಸಂದಿಯೊಳಗೆಲ್ಲ ತುಂಬಿ ಬೆಣೆ ಹೊಡೆದಂತೆ ಕೂತುಬಿಡುತ್ತದೆ.

ಮೊದಲ ದಿನ ಅವರು ತಂತಿ ಬ್ರಶ್ಶಿನಿಂದ ಉಜ್ಜಿ, ಎಣ್ಣೆ ಬಿಟ್ಟು, ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಹೋದರು. ಮರುದಿನ, ಹೊರಗೆ ಚೂರೇ ಕಾಣುತ್ತಿದ್ದ ತುಂಡಿನ ಮೇಲೆ ಒಂದು ನಟ್ಟಿಟ್ಟು ವೆಲ್ಡಿಂಗ್ ಮಾಡಿದರು. ಹೆಡ್ಡು ಅಲ್ಯೂಮಿನಿಯಮ್ಮಿನದು. ಕಾದರೆ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಹಿಡಿತ ಸಡಿಲಾಗುತ್ತದೆ. ಆಮೇಲೆ ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಕೂದಲೆಳೆಯಷ್ಟು ತಿರುಗಿಸುತ್ತ, ನಡುನಡುವೆ ಎಣ್ಣೆ ಬಿಡುತ್ತ ಕೂತರು. ಡ್ರಿಲ್ಲಿನಿಂದ ತೂತು ಕೊರೆದು ಈಜಿ-ಔಟ್ ಹಾಕಿ ತಿರುಗಿಸಬಾರದೇ ಎಂದು ಕೇಳಿದೆ. "ಅದು ಭಾಳ ಗಟ್ಟಿ ಉಕ್ಕು. ಒಳಗ ಮುರೀತಂದ್ರ ಸಾದಾ ಡ್ರಿಲ್ ಅದಕ್ಕ ಹತ್ತೂದಿಲ್ಲ. ಕಡೀಕ ಹೆಡ್ಡ ಬಿಚ್ಚಬೇಕಾಗ್ತದ" ಅಂದರು. ತುಂಡು ಇಡಿಯಾಗಿ ಹೊರಬಂತು.

ಒಟ್ಟು ನಾಲ್ಕು ತಾಸಿನ ಕೆಲಸ. ಕೂಲಿ 1,200 ರೂಪಾಯಿ ಕೇಳಿದರು. "ಒಂದು ಬೋಲ್ಟಿಗೆ 1,200 ಏನ್ರೀ?" ಎಂದು ಮಾಮಾ ಚೌಕಾಶಿ ಮಾಡಿ 800 ಕೊಟ್ಟರು. ಹಿಂದಿನ ದಿನ ಇದೇ ಮಾಮಾ ನಾನಾ ಪೇಠೆಯ ಅಂಗಡಿಯಲ್ಲಿ ಗ್ಯಾಸ್ಕೆಟ್ಟಿಗೆ ಹೇಳಿದ ಬೆಲೆ ತುಟಿಪಿಟಕ್ಕೆನ್ನದೆ ಕೊಟ್ಟಿದ್ದರು! ತಪ್ಪು ಮಾಡಿದ ನಾನೂ ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ.

ಇದು ಬರೀ ಮಾಮಾರ ಸ್ವಭಾವವೇ? ನಾವೆಲ್ಲ ಹಾಗೇ ಅಲ್ಲವೇ? ಸಾಮಾನಿಗೆ ಬಿಲ್ಲು ಇರುತ್ತದೆ, ನಂಬುತ್ತೇವೆ. ಕೈಕೆಲಸಕ್ಕೆ ಬಿಲ್ಲಿಲ್ಲ, ಸಂಶಯಪಡುತ್ತೇವೆ. ಕಾಮರ್ಸ್ ಓದುವ ನಾನು ಜಮಾ-ಖರ್ಚು, ಸವಕಳಿ ಎಲ್ಲ ಬರೆಯುತ್ತೇನೆ. ಆದರೆ ಆಗದೆ ಉಳಿದ ನಷ್ಟವನ್ನು ಬರೆಯಲು ಖಾತೆಯಲ್ಲಿ ಕಾಲಮ್ಮೇ ಇಲ್ಲ. ಮಿಸ್ತ್ರಿ ಕೇಳಿದ್ದು ಒಂದು ಬೋಲ್ಟಿನ ಬೆಲೆಯಲ್ಲ, ಕೆಡದೆ ಉಳಿದ ಹೆಡ್ಡಿನ ಬೆಲೆ. ಅದನ್ನು ಉಳಿಸಿದ್ದು ಅವರ ತಾಳ್ಮೆ.

'ಹಾಗಾದರೆ ತಡಮಾಡಿದಷ್ಟೂ ಹೆಚ್ಚು ಕೂಲಿಯೋ?' ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದಕ್ಕೇ ಕೆಲಸಕ್ಕೆ ಮೊದಲೇ ಮಾತಾಡಿಕೊಳ್ಳಬೇಕು: ಸುಲಭಕ್ಕೆ ಬಂದರೆ ಇಷ್ಟು, ಕೊರೆಯಬೇಕಾದರೆ ಇಷ್ಟು ಎಂದು. ಕೆಲಸ ಮುಗಿದು ಗಾಡಿ ಚಾಲೂ ಆದ ಮೇಲೆ ಚೌಕಾಶಿ ಮಾಡುವುದು ವ್ಯವಹಾರವಲ್ಲ, ದಬ್ಬಾಳಿಕೆ. ಊರು ಬಿಟ್ಟು ಬಂದು ದುಡಿಯುವ ಮನುಷ್ಯ ಗಿರಾಕಿಯ ಸಂಗಡ ಜಗಳ ಆಡಲಾರ ಎಂಬುದು ನಮಗೆ ಗೊತ್ತು, ಗೊತ್ತಿದ್ದೇ ಎಳೆಯುತ್ತೇವೆ.

ಆ 400 ರೂಪಾಯಿ ನನ್ನ ಲೆಕ್ಕದಲ್ಲಿ ಬಾಕಿ ಇದೆ. ಈ ತಿಂಗಳ ಟ್ಯೂಶನ್ ಹಣ ಬಂದ ಕೂಡಲೇ ಕೊಟ್ಟು ಬರುತ್ತೇನೆ. ನಿಮ್ಮ ಲೆಕ್ಕದಲ್ಲೂ ಅಂಥ ಬಾಕಿ ಇದ್ದರೆ ನೋಡಿಕೊಳ್ಳಿ.